ಹಾಟ್ ಡಾಗ್ ಒಳಗೆ ನಿಜಕ್ಕೂ ಏನೇನಿರುತ್ತದೆ?

ಕೋಳಿಸಾರು ಕಿಟ್ಟಿ:
ನ್ಯೂಜೆರ್ಸಿಗೆ ಹೊಸಬ. ಆಫೀಸಿನವರು ಬೇಸ್‌ಬಾಲ್ ಮ್ಯಾಚಿಗೆ ಕರೆದಿದ್ದಾರೆ, ಅಲ್ಲಿ ಹಾಟ್ ಡಾಗ್ (ಬನ್ನಿನೊಳಗಿಟ್ಟ ರುಬ್ಬಿದ ಮಾಂಸದ ಸಾಸೇಜ್) ತಿನ್ನಲೇಬೇಕಂತೆ. ನಾನು ಕೋಳಿ, ಕುರಿ ತಿನ್ನುತ್ತೇನೆ, ದನ ಹಂದಿ ಬೇಡ. ಅಂಗಡಿಯಲ್ಲಿ ಚಿಕನ್ ಹಾಟ್ ಡಾಗ್ ಪ್ಯಾಕೆಟ್ ನೋಡಿದೆ, ಆದರೆ ಕೋಳಿ ಅಷ್ಟು ಗುಲಾಬಿ ಬಣ್ಣ ಹೇಗಾಗುತ್ತದೆ? ರೂಮ್‌ಮೇಟ್ ಬೇರೆ, ಕಣ್ಣು ಮೂಗು ಎಲ್ಲಾ ರುಬ್ಬಿ ಹಾಕುತ್ತಾರೆ ಅಂತ ಹೆದರಿಸುತ್ತಾನೆ. ಇದನ್ನು ಮೊದಲು ಕಂಡುಹಿಡಿದವರು ಯಾರು?

ಲೇಬಲ್ ರಾಯ:
ಕಣ್ಣು ಮೂಗು ಸುಮ್ನೆ ಕಥೆ. ಹೃದಯ, ನಾಲಿಗೆ ಥರದ್ದು ಹಾಕಿದರೆ ಪ್ಯಾಕೆಟ್ ಮೇಲೆ ಹೆಸರಿನ ಜೊತೆಗೇ ಹೇಳಬೇಕು ಅಂತ ಅಮೆರಿಕದ ನಿಯಮ ಇದೆ. ಯಾವ ಪ್ರಾಣಿಯ ಮಾಂಸ ಅನ್ನುವುದನ್ನೂ ಬರೆಯಲೇಬೇಕು. ಕೊಬ್ಬು 30% ಮೀರಬಾರದು, ಕೊಬ್ಬು ಮತ್ತು ಸೇರಿಸಿದ ನೀರು ಎರಡೂ ಸೇರಿ 40% ಮೀರಬಾರದು. ಉಳಿದಂತೆ ಉಪ್ಪು, ಬೆಳ್ಳುಳ್ಳಿ, ಕೊತ್ತಂಬರಿ ಬೀಜ, ಪ್ಯಾಪ್ರಿಕಾ ಅನ್ನುವ ಕೆಂಪು ಮೆಣಸಿನ ಪುಡಿ, ಕೆಲವದರಲ್ಲಿ ಕಾರ್ನ್ ಸಿರಪ್.

ಅಗ್ಗದ ಚಿಕನ್ ಹಾಟ್ ಡಾಗ್‌ನಲ್ಲಿ ಮೊದಲ ಸಾಲಿನಲ್ಲೇ 'ಮೆಕ್ಯಾನಿಕಲಿ ಸೆಪರೇಟೆಡ್ ಚಿಕನ್' ಅಂತ ಇರುತ್ತದೆ. ಅಂದರೆ ಮೂಳೆಗೆ ಅಂಟಿಕೊಂಡ ಮಾಂಸವನ್ನು ಮೂಳೆ ಸಮೇತ ಜರಡಿಯಂಥ ಯಂತ್ರಕ್ಕೆ ಒತ್ತಿ ತೆಗೆದ ಪೇಸ್ಟ್. ವಿಷವೇನಲ್ಲ, ಆದರೆ ನನಗೆ ಇಷ್ಟವಿಲ್ಲ. ಆಮೇಲೆ ಎಲ್ಲವನ್ನೂ ಐಸ್ ಹಾಕಿ ರುಬ್ಬುತ್ತಾರೆ, ನಾವು ಉದ್ದು ರುಬ್ಬುವಾಗ ತಣ್ಣೀರು ಹಾಕುತ್ತೇವಲ್ಲ, ಹಾಗೆ. ಬಿಸಿಯಾದರೆ ಕೊಬ್ಬು ಬಿಟ್ಟುಕೊಳ್ಳುತ್ತದೆ, ಆ ನಯ ಬರುವುದಿಲ್ಲ. ಗುಲಾಬಿ ಬಣ್ಣಕ್ಕೆ ಕಾರಣ ಸೋಡಿಯಂ ನೈಟ್ರೈಟ್. ಬಾಟ್ಯುಲಿಸಂ ಅನ್ನುವ ಮಾರಕ ಆಹಾರ ವಿಷಬಾಧೆ ತರುವ ಬ್ಯಾಕ್ಟೀರಿಯಾ ಬೆಳೆಯದಂತೆ ತಡೆಯುವುದೂ ಅದೇ.

ಇನ್ನೊಂದು ಮಾತು, ನಿಮಗೆ ಇದೇ ಮುಖ್ಯ: ಮೇಲಿನ ಸಿಪ್ಪೆ. ಹೆಚ್ಚಿನವನ್ನು ಸೆಲ್ಯುಲೋಸ್ (ಗಿಡದ ನಾರು) ಕೊಳವೆಯಲ್ಲಿ ಬೇಯಿಸಿ ಅದನ್ನು ಸುಲಿದು ಮಾರುತ್ತಾರೆ, ತೊಂದರೆಯಿಲ್ಲ. ಆದರೆ ಕೆಲವು ಚಿಕನ್ ಸಾಸೇಜ್‌ಗಳಿಗೆ ಹಂದಿ ಕರುಳಿನ ಸಿಪ್ಪೆ ಅಥವಾ ದನದ ಚರ್ಮದಿಂದ ತೆಗೆದ ಕೊಲಾಜೆನ್ ಅನ್ನುವ ಪ್ರೋಟೀನಿನ ಸಿಪ್ಪೆ ಇರುತ್ತದೆ. ಅದೂ ಲೇಬಲ್ ಮೇಲೆ ಇರುತ್ತದೆ, ಕೊನೆಯ ಸಾಲಿನವರೆಗೂ ಓದಿ.

ಹಳೇ ಚಿಕಾಗೊ:
ಯಾರು ಕಂಡುಹಿಡಿದರು ಅನ್ನುವುದಕ್ಕೆ ಒಬ್ಬರ ಹೆಸರು ಹೇಳಲಾಗದು. ಜರ್ಮನಿಯ ಫ್ರಾಂಕ್‌ಫರ್ಟಿನ ಸಾಸೇಜ್ ಹಂದಿ ಮಾಂಸದ್ದು, ಕುರಿ ಕರುಳಿನಲ್ಲಿ ತುಂಬಿ ಹೊಗೆ ಹಾಕಿದ್ದು. ಅಲ್ಲಿ ಕಸುಬು ಕಲಿತ ಯೋಹಾನ್ ಲಾನರ್ ವಿಯೆನ್ನಾಗೆ ಹೋಗಿ 1805ರಲ್ಲಿ ಹಂದಿಯ ಜೊತೆ ದನದ ಮಾಂಸವನ್ನೂ ಬೆರೆಸಿದ. ಈಗಲೂ ಎರಡೂ ಊರಿನವರು ನಮ್ಮದೇ ಅಸಲು ಅನ್ನುತ್ತಾರೆ! ಬನ್ನಿನೊಳಗಿಟ್ಟು ಮಾರಿ ಹೆಸರು ಮಾಡಿದ್ದು ಜರ್ಮನಿಯಿಂದ ಬಂದ ಚಾರ್ಲ್ಸ್ ಫೆಲ್ಟ್‌ಮನ್, ನ್ಯೂಯಾರ್ಕಿನ ಕೋನಿ ಐಲೆಂಡ್‌ನಲ್ಲಿ, 1870ರ ಆಸುಪಾಸು. ಅವನ ಹೋಟೆಲಿನಲ್ಲೇ ಕೆಲಸ ಮಾಡಿದ್ದ ಪೋಲೆಂಡಿನ ನೇಥನ್ ಹ್ಯಾಂಡ್‌ವರ್ಕರ್ 1916ರಲ್ಲಿ ಅಲ್ಲೇ ಅಂಗಡಿ ತೆರೆದು 10 ಸೆಂಟಿನದನ್ನು 5 ಸೆಂಟಿಗೆ ಕೊಟ್ಟ. ಯಹೂದಿಗಳು ಹಂದಿ ತಿನ್ನುವುದಿಲ್ಲ ಅಲ್ವಾ, ಪೂರ್ತಿ ಬೀಫ್ ಹಾಟ್ ಡಾಗ್ ಇಲ್ಲಿ ಇಷ್ಟು ಬೇರೂರಲು ಅವರ ಮಾಂಸದಂಗಡಿಗಳೂ ಒಂದು ಕಾರಣ. ಹಾಗಾಗಿ ಸ್ಟೇಡಿಯಂನಲ್ಲಿ ಸಿಗುವುದೂ ಹೆಚ್ಚಾಗಿ ಬೀಫೇ. ಕೇಳದೆ ಬಾಯಿಗಿಡಬೇಡಿ.

ಕೋಳಿಸಾರು ಕಿಟ್ಟಿ:
ತುಂಬಾ ಥ್ಯಾಂಕ್ಸ್. 'ಅನ್‌ಕ್ಯೂರ್ಡ್' (ಹದ ಮಾಡದ್ದು) ಅಂತ ಬರೆದಿರುವುದರಲ್ಲಿ ನೈಟ್ರೈಟ್ ಇರುವುದಿಲ್ವಾ?

ಲೇಬಲ್ ರಾಯ:
ಇರುತ್ತದೆ! ಸೆಲೆರಿ ಅನ್ನುವ ತರಕಾರಿಯ ಪುಡಿಯಿಂದ ಬರುತ್ತದೆ ಅಷ್ಟೇ. ಜಾಸ್ತಿ ದುಡ್ಡು ಕೊಡಬೇಡಿ. ದಿನಾ 50 ಗ್ರಾಂ ಸಂಸ್ಕರಿಸಿದ ಮಾಂಸ ತಿಂದರೆ ದೊಡ್ಡಕರುಳಿನ ಕ್ಯಾನ್ಸರ್ ಅಪಾಯ 18% ಹೆಚ್ಚುತ್ತದೆ ಅಂತ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ವಿಭಾಗ 2015ರಲ್ಲಿ ಹೇಳಿದ್ದು ಎರಡಕ್ಕೂ ಅನ್ವಯಿಸುತ್ತದೆ. ಒಂದು ಹಾಟ್ ಡಾಗ್ ಹೆಚ್ಚುಕಮ್ಮಿ ಅಷ್ಟೇ ತೂಕ. ಅಪರೂಪಕ್ಕೆ ತಿನ್ನಿ.

ಹಳೇ ಚಿಕಾಗೊ:
ಮ್ಯಾಚಿನಲ್ಲಿ ಹುರಿದ ಕಡಲೆಕಾಯಿ ಸಿಗುತ್ತದೆ, ಸಿಪ್ಪೆ ಕಾಲ ಕೆಳಗೇ ಹಾಕಿದರೂ ಯಾರೂ ಬೈಯುವುದಿಲ್ಲ.