ಆರು ಜನ ಅಂತ ಬುಕ್ ಮಾಡಿ ಹನ್ನೊಂದು ಜನ ಬಂದರು: ಹೋಂಸ್ಟೇ ನಡೆಸುವವರ ಪ್ರಶ್ನೆ, ವಕೀಲರ ಉತ್ತರ

ಪ್ರಶ್ನೆ: ಮೂಡಿಗೆರೆ ಕಡೆಯಿಂದ

ಮೇಡಂ ನಮಸ್ಕಾರ. ನಮ್ಮದು ಮೂರು ರೂಮಿನ ಹೋಂಸ್ಟೇ, ತೋಟದ ಮನೆಯಲ್ಲೇ ಮಾಡಿಕೊಂಡಿದ್ದೀವಿ. ನಾನು, ಯಜಮಾನರು, ಅತ್ತೆ ಇಲ್ಲೇ ಇರ್ತೀವಿ. ಹೋದ ಶನಿವಾರ ಆರು ಜನ ಅಂತ ಬುಕ್ ಮಾಡಿದ್ದವರು ಎರಡು ಕಾರಲ್ಲಿ ಹನ್ನೊಂದು ಜನ ಬಂದರು. ಕೇಳಿದರೆ "ಅವರು ಊಟ ಮಾಡ್ಕೊಂಡು ಹೋಗ್ತಾರೆ ಆಂಟಿ" ಅಂದರು. ಯಾರೂ ಹೋಗಲಿಲ್ಲ. ರಾತ್ರಿ ಹತ್ತೂವರೆಗೆ ಡಿಕ್ಕಿಯಿಂದ ದೊಡ್ಡ ಸ್ಪೀಕರ್ ಇಳಿಸಿದರು. ಅತ್ತೆಗೆ ಬಿಪಿ ಇದೆ, ಕಡಿಮೆ ಮಾಡಿ ಅಂತ ಎರಡು ಸಲ ಹೇಳಿದೆ. ನಾನು ಎದುರಿಗಿದ್ದಾಗ ತಗ್ಗಿಸೋದು, ಒಳಗೆ ಬಂದ ತಕ್ಷಣ ಮತ್ತೆ ಏರಿಸೋದು.

ಬೆಳಿಗ್ಗೆ ಎದ್ದು ನೋಡಿದರೆ ಒಂದು ಕಾರು ಕಣದ ಮೇಲೆ ನಿಂತಿದೆ. ರಾಶಿ ಮಾಡಿ ಟಾರ್ಪಾಲ್ ಮುಚ್ಚಿದ್ದ ಪಾರ್ಚ್‌ಮೆಂಟಿನ (ಒಣ ಹಾಕಿದ ಕಾಫಿ ಬೀಜ) ಅಂಚಿನ ಮೇಲೆ ಚಕ್ರ. ಹಾಲ್‌ನಲ್ಲಿ ನಮ್ಮ ಮಾವನವರು ಮಾಡಿಸಿದ್ದ ಬೀಟೆ ಮೇಜಿನ ಮೇಲೆ ಸಿಗರೇಟಿನಿಂದ ಸುಟ್ಟ ಗುರುತು. ಯಜಮಾನರಿಗೆ ತಡೆಯಲಿಲ್ಲ. ಗೇಟಿಗೆ ಬೀಗ ಜಡಿದು "ಹದಿನೈದು ಸಾವಿರ ಇಟ್ಟು ಹೋಗಿ" ಅಂದರು. ಆ ಗೆಸ್ಟ್‌ಗಳೇ 112ಕ್ಕೆ ಫೋನ್ ಮಾಡಿದರು! ಪೊಲೀಸರು ಬರೋದರೊಳಗೆ ಅವರಲ್ಲೊಬ್ಬ ಫೋನ್‌ಪೇಯಲ್ಲಿ ದುಡ್ಡೂ ಹಾಕಿದ್ದ. ಪೊಲೀಸರು ಬಂದು ಬೈದಿದ್ದು ನಮಗೆ. ಈಗ ಒಂದು ಸ್ಟಾರ್ ಕೊಟ್ಟಿದ್ದಾರೆ, ಕಂಪ್ಲೇಂಟ್ ಕೊಡ್ತೀವಿ ಅಂತ ಮೆಸೇಜ್ ಬೇರೆ. ನಮ್ಮ ಮನೆ, ನಮ್ಮ ರೂಲ್ಸ್. ತಪ್ಪು ನಮ್ಮದು ಹೇಗಾಯ್ತು? ಈಗ ಏನು ಮಾಡಬೇಕು?

ಉತ್ತರ: ವಕೀಲರು, ಚಿಕ್ಕಮಗಳೂರು

ಅಕ್ಕಾ, ಮೊದಲು ಗೇಟಿನ ವಿಷಯ ಮಾತಾಡೋಣ. ಉಳಿದಿದ್ದೆಲ್ಲ ಸರಿ ಮಾಡಬಹುದು, ಇದೊಂದು ಮಾತ್ರ ತೊಂದರೆಯದ್ದು.

ಶನಿವಾರ ರಾತ್ರಿ ಪೂರ್ತಿ ತಪ್ಪು ಅವರದ್ದೇ ಇತ್ತು. ಭಾನುವಾರ ಬೆಳಿಗ್ಗೆ ಬೀಗ ಬಿದ್ದ ಕ್ಷಣದಿಂದ ನಿಮ್ಮದಾಯಿತು. ಹೊರಗೆ ಹೋಗೋಕೆ ಇರೋ ಒಂದೇ ದಾರಿ ಮುಚ್ಚಿ ಜನರನ್ನು ನಿಲ್ಲಿಸಿಕೊಂಡರೆ ಅದು ಅಕ್ರಮ ಬಂಧನ. ಭಾರತೀಯ ನ್ಯಾಯ ಸಂಹಿತೆಯ 127ನೇ ಸೆಕ್ಷನ್, ಒಂದು ವರ್ಷದವರೆಗೆ ಜೈಲು ಅಥವಾ 5,000 ರೂಪಾಯಿವರೆಗೆ ದಂಡ, ಇಲ್ಲಾ ಎರಡೂ. ಅದರ ಜೊತೆಗೆ "ದುಡ್ಡು ಕೊಟ್ಟರೆ ಬಿಡ್ತೀನಿ" ಅಂದಿದ್ದಾರೆ. ಎದುರಿನ ವಕೀಲರು ಇದನ್ನು ಸುಲಿಗೆ ಅಂತ ಬರೆಸೋಕೆ ನೋಡ್ತಾರೆ. ನಿಮ್ಮ ಯಜಮಾನರ ಸಿಟ್ಟು ನನಗೆ ಅರ್ಥ ಆಗುತ್ತೆ. ನಮ್ಮ ತವರಲ್ಲೂ ಕಣ ಇದೆ. ಒಣಗಿದ ಕಾಫಿ ಮೇಲೆ ಚಪ್ಪಲಿ ಹಾಕಿಕೊಂಡು ಹೋದರೇ ನಮ್ಮಪ್ಪ ಕೂಗಾಡ್ತಿದ್ದರು, ಕಾರಂತೂ ಬಿಡಿ. ಆದರೆ ಬ್ಯಾಗ್ ಇಟ್ಟುಕೊಳ್ಳೋದು, ಕಾರಿನ ಕೀ ಕಿತ್ತುಕೊಳ್ಳೋದು, ಒರಿಜಿನಲ್ ಆಧಾರ್ ಕಾರ್ಡ್ ಹಿಡಿದಿಡೋದು, ಗೇಟಿಗೆ ಬೀಗ ಹಾಕೋದು, ಈ ನಾಲ್ಕನ್ನು ಯಾವತ್ತೂ ಮಾಡಬೇಡಿ.

ಈಗ ಆ ಹದಿನೈದು ಸಾವಿರ. ಪೂರ್ತಿ ಇಟ್ಟುಕೊಳ್ಳಲೂಬೇಡಿ, ಹೆದರಿ ಪೂರ್ತಿ ವಾಪಸ್ ಕೊಡಲೂಬೇಡಿ. ಲೆಕ್ಕ ಹಾಕಿ. ಮೇಜಿಗೆ ಪಾಲಿಶ್ ಮಾಡುವವರನ್ನು ಕರೆಸಿ ಬಿಲ್ ಬರೆಸಿಕೊಳ್ಳಿ. ಚಕ್ರದ ಕೆಳಗೆ ಸಿಕ್ಕ ಪಾರ್ಚ್‌ಮೆಂಟ್ ಬೇರೆ ತೆಗೆದು ತೂಗಿ, ಫೋಟೋ ಹೊಡೆಯಿರಿ. ನೀವು ಕಾಫಿ ಕೊಡುವ ವ್ಯಾಪಾರಿಯ ಹತ್ತಿರ ಅವತ್ತಿನ ರೇಟಿನ ಚೀಟಿ ತಗೊಳ್ಳಿ. 50 ಕೆಜಿ ಮೂಟೆಯ ರೇಟು ಇರುತ್ತಲ್ಲ, ಅದರಿಂದ ಕೆಜಿಗೆ ಎಷ್ಟು ಅಂತ ತೆಗೆಯಿರಿ. ಎಂಜಿನ್ ಆಯಿಲ್ ಏನಾದರೂ ಸೋರಿದ್ದರೆ ಸುತ್ತಲಿನ ಕಾಫಿಯನ್ನೂ ಬೇರೆ ಮಾಡಿ. ಕಾಫಿ ವಾಸನೆ ಎಳೆದುಕೊಳ್ಳುತ್ತೆ ಅಂತ ನಿಮಗೆ ನಾನು ಹೇಳಬೇಕಾಗಿಲ್ಲ. ಇಷ್ಟನ್ನೂ ಕೂಡಿಸಿ, ಮಿಕ್ಕಿದ್ದನ್ನು ಅದೇ ನಂಬರಿಗೆ ವಾಪಸ್ ಹಾಕಿ. ಬಿಲ್‌ಗಳ ಫೋಟೋ ಕಳಿಸಿ ಎರಡು ಸಾಲಿನ ಮೆಸೇಜ್ ಹಾಕಿ. ನಾಳೆ ಠಾಣೆಗೆ ಕರೆದರೆ ಆ ಮೆಸೇಜೇ ನಿಮ್ಮ ಪರ ಮಾತಾಡುತ್ತೆ.

ನೀವು ಎದುರು ಕಂಪ್ಲೇಂಟ್ ಕೊಡಬಹುದಾ ಅಂತ ಮುಂದಿನ ಪ್ರಶ್ನೆ ಬರುತ್ತೆ ಅಂತ ಗೊತ್ತು. ಆಸ್ತಿ ಹಾಳು ಮಾಡಿದರೆ ಅದೇ ನ್ಯಾಯ ಸಂಹಿತೆಯ 324ನೇ ಸೆಕ್ಷನ್ ಇದೆ. ಆದರೆ ಅದಕ್ಕೆ ಬೇಕಂತಲೇ ಮಾಡಿರಬೇಕು, ಇಲ್ಲಾ ನಷ್ಟ ಆಗುತ್ತೆ ಅಂತ ಗೊತ್ತಿದ್ದೂ ಮಾಡಿರಬೇಕು. ಕತ್ತಲಲ್ಲಿ ಟಾರ್ಪಾಲ್ ಕಾಣದೆ ಕಾರು ಹತ್ತಿಸಿದ್ದು ಬೇಜವಾಬ್ದಾರಿ, ಹೌದು. ಕ್ರಿಮಿನಲ್ ಕೇಸ್ ಆಗೋದು ಕಷ್ಟ. ಅದು ಸಿವಿಲ್ ನಷ್ಟ, ದುಡ್ಡಲ್ಲಿ ಮುಗಿಸಿ.

ಇನ್ನು "ನಮ್ಮ ಮನೆ, ನಮ್ಮ ರೂಲ್ಸ್" ಅಂದಿರಲ್ಲ, ಅದು ನೂರಕ್ಕೆ ನೂರು ಸರಿ. ಹೋಂಸ್ಟೇಗೆ ಬರುವವರು ಬಾಡಿಗೆದಾರರಲ್ಲ. ಬಾಡಿಗೆಗೆ ಬಂದವರನ್ನು ಬಿಡಿಸೋಕೆ ಕೋರ್ಟಿಗೆ ಅಲೆಯಬೇಕು. ಇವರು ನಿಮ್ಮ ಅನುಮತಿಯ ಮೇಲೆ ಇರುವವರು, ಕಾನೂನಿನ ಮಾತಲ್ಲಿ ಲೈಸೆನ್ಸಿ. 1882ರ ಈಸ್‌ಮೆಂಟ್ಸ್ ಕಾಯ್ದೆಯ 52ನೇ ಸೆಕ್ಷನ್‌ನಲ್ಲಿ ಇದರ ವಿವರಣೆ ಇದೆ. ರೂಲ್ಸ್ ಮುರಿದರೆ ಅನುಮತಿ ವಾಪಸ್ ತಗೋಬಹುದು. ಅದೇ ಕಾಯ್ದೆಯ 63ನೇ ಸೆಕ್ಷನ್ ಇನ್ನೊಂದು ಮಾತು ಹೇಳುತ್ತೆ: ಸಾಮಾನು ಕಟ್ಟಿಕೊಂಡು ಹೊರಡೋಕೆ ಸರಿಯಾದ ಸಮಯ ಕೊಡಬೇಕು. ಕುಡಿದಿರೋ ಹುಡುಗರನ್ನು ರಾತ್ರಿ ಹನ್ನೆರಡಕ್ಕೆ ಮಂಜಿನಲ್ಲಿ ತೋಟದ ರಸ್ತೆಗೆ ಅಟ್ಟಿದರೆ ಅದು ಸರಿಯಾದ ಸಮಯ ಅಲ್ಲ. ಏನಾದರೂ ಆದರೆ ಮೊದಲ ಪ್ರಶ್ನೆ ನಿಮಗೇ. ರಾತ್ರಿ ಸ್ಪೀಕರ್ ಬಂದ್ ಮಾಡಿಸಿ, ಬೆಳಿಗ್ಗೆ ತಿಂಡಿಗೆ ಮುಂಚೆ ಖಾಲಿ ಮಾಡಿ ಅಂತ ವಾಟ್ಸಾಪಲ್ಲಿ ಬರೆದು ಹಾಕಿ. ಬಾಯಲ್ಲಿ ಹೇಳಿದ್ದಕ್ಕೆ ಸಾಕ್ಷಿ ಇರಲ್ಲ.

ಮಾತಿಗೆ ಬಗ್ಗದಿದ್ದರೆ 112. ಆದರೆ ಜಗಳ ಆದ ಮೇಲೆ ಅಲ್ಲ, ಆಗೋ ಮುಂಚೆ. ನಮ್ಮ ಕಡೆ ತೋಟಗಳಿಗೆ ಗಾಡಿ ಬರೋಕೆ ಹೊತ್ತಾಗುತ್ತೆ. ಹತ್ತೂವರೆಗೇ ಫೋನ್ ಮಾಡಿದ್ದರೆ ಕರೆ ಮಾಡಿದವರು ನೀವಾಗಿರ್ತಿದ್ದಿರಿ, ಅವರಲ್ಲ. ಧ್ವನಿವರ್ಧಕಕ್ಕೆ ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ನಿರ್ಬಂಧ ಇದೆ, 2000ನೇ ಇಸವಿಯ ಶಬ್ದ ಮಾಲಿನ್ಯ ನಿಯಮ. ವಾಸದ ಜಾಗದಲ್ಲಿ ರಾತ್ರಿ ಮಿತಿ 45 ಡೆಸಿಬಲ್ ಅಷ್ಟೇ. ಪಕ್ಕದ ತೋಟದವರು ದೂರು ಕೊಟ್ಟರೆ ಪೊಲೀಸರು ಗೆಸ್ಟ್ ಹೆಸರು ಕೇಳಲ್ಲ, ಮನೆ ಯಾರದ್ದು ಅಂತ ಕೇಳ್ತಾರೆ.

ಹೆಚ್ಚುವರಿ ಐದು ಜನರ ಚಾರ್ಜು ಬುಕಿಂಗ್ ಮೆಸೇಜಲ್ಲಿ ಬರೆದಿದ್ದಿರಾ?

ಪ್ರಶ್ನೆ ಕೇಳಿದವರು

ಇಲ್ಲ ಮೇಡಂ. ರೂಮಿನ ಬಾಗಿಲ ಹಿಂದೆ ಬೋರ್ಡ್ ಹಾಕಿದೀವಿ. "ರೂಲ್ಸ್ ಮುರಿದರೆ 10,000 ದಂಡ" ಅಂತ.

ವಕೀಲರು

ಆ ಬೋರ್ಡ್ ಇವತ್ತೇ ಇಳಿಸಿ ಅಕ್ಕಾ. ದುಡ್ಡು ಕೊಟ್ಟು ರೂಮಿನೊಳಗೆ ಬಂದ ಮೇಲೆ ಕಾಣುವ ರೂಲ್ಸಿಗೆ ಅವರು ಯಾವಾಗ ಒಪ್ಪಿದರು? ದಂಡ ಅಂತ ಸುಮ್ನೆ ಒಂದು ದೊಡ್ಡ ಸಂಖ್ಯೆ ಬರೆದರೂ ಅಷ್ಟು ಸಿಗಲ್ಲ. 1872ರ ಕರಾರು ಕಾಯ್ದೆಯ 74ನೇ ಸೆಕ್ಷನ್ ಪ್ರಕಾರ ಬರೆದ ಮೊತ್ತ ಮೇಲಿನ ಮಿತಿ ಮಾತ್ರ, ಅದರೊಳಗೆ ನ್ಯಾಯವಾದ ಪರಿಹಾರ ಎಷ್ಟೋ ಅಷ್ಟು. ಅದಕ್ಕೇ ಲೆಕ್ಕಕ್ಕೆ ಸಿಗುವಂಥದ್ದನ್ನು ಬರೆಯಿರಿ. ಹೆಚ್ಚುವರಿ ತಲೆಗೆ ಇಷ್ಟು, ಡೆಪಾಸಿಟ್ ಇಷ್ಟು, ಹಾಳಾದರೆ ಬಿಲ್ ತೋರಿಸಿ ಅದರಲ್ಲಿ ಹಿಡೀತೀವಿ ಅಂತ. ಅಡ್ವಾನ್ಸ್ ಹಾಕಿಸಿಕೊಳ್ಳೋ ಮುಂಚೆ ಕಳಿಸಿ. "ಓಕೆ" ಅಂತ ಬಂದ ಮೇಲೇ ಕ್ಯೂಆರ್ ಕೋಡ್ ಕಳಿಸಿ. ಆ ಒಂದು "ಓಕೆ" ನಿಮ್ಮ ಗೇಟಿನ ಬೀಗಕ್ಕಿಂತ ಗಟ್ಟಿ.

ಏರ್‌ಬಿಎನ್‌ಬಿ ಮೂಲಕ ಬುಕ್ ಆಗುವವರು ಗಮನಿಸಿ: ನಷ್ಟದ ಕ್ಲೇಮು ಗೆಸ್ಟ್ ಚೆಕ್ ಔಟ್ ಆದ 14 ದಿನದೊಳಗೆ ಹಾಕಬೇಕು, ಫೋಟೋ, ಬಿಲ್ ಸಮೇತ.

ಸಕಲೇಶಪುರದ ಒಬ್ಬರು

ಮೇಡಂ, ನಮ್ಮ ಸಮಸ್ಯೆ ಬೇರೆ. ನಮ್ಮಲ್ಲಿ ಆನೆ ಜಾಸ್ತಿ. ಸಂಜೆ ಆರರ ಮೇಲೆ ತೋಟಕ್ಕೆ ಇಳಿಯಬೇಡಿ ಅಂದರೆ ಗೆಸ್ಟ್‌ಗಳು ನಗ್ತಾರೆ. ಮೊನ್ನೆ ಮೂರು ಜನ ಮೊಬೈಲ್ ಟಾರ್ಚ್ ಹಿಡಕೊಂಡು ಆನೆ ನೋಡೋಕೆ ಅಂತಲೇ ಹೋದರು. ಗೇಟಿಗೆ ಬೀಗ ಹಾಕಬಾರದು ಅಂತೀರಿ, ಹಾಗಾದರೆ ಇವರನ್ನು ತಡೆಯೋದು ಹೇಗೆ?

ವಕೀಲರು

ಒಳ್ಳೆ ಪ್ರಶ್ನೆ ಕೇಳಿದಿರಿ ಸರ್. ಎರಡು ಗೇಟುಗಳ ವ್ಯತ್ಯಾಸ ನೋಡಿ. ಕಾಂಪೌಂಡಿನಿಂದ ರಸ್ತೆಗೆ ಹೋಗೋ ಗೇಟು ಒಂದು, ತೋಟಕ್ಕೆ ಇಳಿಯೋ ಗೇಟು ಇನ್ನೊಂದು. ರಸ್ತೆ ಗೇಟಿನ ಕೀ ಕೇಳಿದ ತಕ್ಷಣ ಸಿಗುವ ಹಾಗಿರಬೇಕು. ತೋಟದ ಗೇಟಿಗೆ ಸಂಜೆ ಬೀಗ ಹಾಕಿ, ಏನೂ ತೊಂದರೆ ಇಲ್ಲ. ರಾತ್ರಿ ನಿಮ್ಮ ತೋಟದಲ್ಲಿ ಓಡಾಡೋದು ಅವರಿಗೆ ಕೊಟ್ಟ ಅನುಮತಿಯಲ್ಲೇ ಇಲ್ಲ. ಇದನ್ನೂ ಬುಕಿಂಗ್ ಮೆಸೇಜಲ್ಲಿ ಬರೆದಿರಬೇಕು, ಅಷ್ಟೇ.

ಆನೆ ವಿಷಯದಲ್ಲಿ ಬೋರ್ಡಿಗಿಂತ ಫೋನ್ ತೋರಿಸೋದು ಕೆಲಸ ಮಾಡುತ್ತೆ. ಆನೆ ಎಲ್ಲಿದೆ ಅಂತ ಅರಣ್ಯ ಇಲಾಖೆಯಿಂದ ಬರುವ ಮೆಸೇಜನ್ನು ಅವತ್ತೇ ಗೆಸ್ಟ್‌ಗೆ ಫಾರ್ವರ್ಡ್ ಮಾಡಿ. ಪಕ್ಕದೂರಿನ ಹೆಸರು ಓದಿದ ಮೇಲೆ ನಗು ನಿಲ್ಲುತ್ತೆ. ಎಚ್ಚರಿಕೆ ಕೊಟ್ಟಿದ್ದಿರಿ ಅನ್ನೋದಕ್ಕೆ ದಾಖಲೆಯೂ ಆಯಿತು. ಆದರೂ ಹೋದರೆ ನೀವು ಹಿಂದೆ ಹುಡುಕಿಕೊಂಡು ಹೋಗಬೇಡಿ. ಆನೆ ಕಾರ್ಯಪಡೆಗೆ ಫೋನ್ ಮಾಡಿ.

ಆಲ್ದೂರು ಕಡೆಯವರು

ನಾವು ಹೋಂಸ್ಟೇಯವರದ್ದೇ ಒಂದು ಗ್ರೂಪ್ ಇದೆ. ಇಂಥ ಗೆಸ್ಟ್‌ಗಳ ಸಿಸಿಟಿವಿ ವಿಡಿಯೋ, ಆಧಾರ್ ಫೋಟೋ ಹಾಕಿ "ಇವರಿಗೆ ರೂಮ್ ಕೊಡಬೇಡಿ" ಅಂತ ಹೇಳ್ತೀವಿ. ತಪ್ಪಾ?

ವಕೀಲರು

ತಪ್ಪು. ಆಧಾರ್ ಫೋಟೋ ಹಾಕಿದ್ದನ್ನು ಈಗಲೇ ಡಿಲೀಟ್ ಮಾಡಿ. ರಿಜಿಸ್ಟರ್‌ಗೆ ಅಂತ ತಗೊಂಡಿದ್ದನ್ನು ಅದಕ್ಕೆ ಮಾತ್ರ ಬಳಸಬೇಕು. ಮೊದಲ ಎಂಟು ಅಂಕಿ ಮುಚ್ಚಿರುವ ಮಾಸ್ಕ್ಡ್ ಆಧಾರ್ ಕೊಟ್ಟರೆ ಸಾಕು, ಪೂರ್ತಿ ನಂಬರ್ ಬೇಕು ಅಂತ ಹಟ ಮಾಡಬೇಡಿ. ವಿಡಿಯೋ ಗ್ರೂಪಿಗೆ ಹೋದರೆ ಮಾನನಷ್ಟದ ಕೇಸಿಗೆ ದಾರಿ. ಕ್ಯಾಮೆರಾ ಗೇಟು, ಪಾರ್ಕಿಂಗ್, ಕಣದ ಹತ್ತಿರ ಇರಲಿ, ಇದೆ ಅಂತ ಬೋರ್ಡೂ ಇರಲಿ. ರೂಮಿನ ಒಳಗೆ, ಬಚ್ಚಲ ಕಡೆ ಮುಖ ಮಾಡಿದ್ದರೆ ಜೈಲೇ.

ರಿಜಿಸ್ಟರ್ ಅಂದೆ, ಬಂದ ಪ್ರತಿಯೊಬ್ಬರ ಹೆಸರೂ ಬರೆಸಿ, ಬುಕ್ ಮಾಡಿದವರದ್ದು ಮಾತ್ರ ಅಲ್ಲ. ಬಾಗಿಲಲ್ಲೇ ರಿಜಿಸ್ಟರ್ ಇಟ್ಟುಕೊಂಡು ಕೂತರೆ ಏಳನೆಯವರು ಒಳಗೆ ಬರೋ ಮುಂಚೆಯೇ ಸಿಕ್ಕಿಬೀಳ್ತಾರೆ. ವಿದೇಶಿಯರಾದರೆ 24 ಗಂಟೆಯೊಳಗೆ ಆನ್‌ಲೈನಲ್ಲಿ ಅವರ ವಿವರ ತುಂಬಬೇಕು.

ಇನ್ನೊಂದು ಮಾತು, ಯಾರೂ ಬೇಜಾರು ಮಾಡ್ಕೋಬೇಡಿ. ಪ್ರವಾಸೋದ್ಯಮ ಇಲಾಖೆಯಲ್ಲಿ ನೋಂದಣಿ ಮಾಡಿಸದೆ ನಡೆಸುವವರು ಈ ಗುಂಪಲ್ಲೂ ಇದ್ದೀರಿ. ರಾತ್ರಿ 112ಕ್ಕೆ ಫೋನ್ ಮಾಡೋಕೆ ಕೈ ಹಿಂಜರಿಯೋದು ಯಾಕೆ ಅಂದರೆ ಅದಕ್ಕೇ. ಗೆಸ್ಟ್‌ಗಳಿಗೂ ಅದು ಗೊತ್ತಾಗುತ್ತೆ, ಅದಕ್ಕೇ ಆಟ ಆಡ್ತಾರೆ. ಬಾಟಲಿ ಮಾರೋದೂ ಅಷ್ಟೇ. ಲೈಸೆನ್ಸ್ ಇಲ್ಲದೆ ಒಂದು ಬಿಯರ್ ಮಾರಿದ್ದರೂ ಅವರ ಗಲಾಟೆಯ ಬಗ್ಗೆ ನೀವು ಬಾಯಿ ಬಿಡೋಕಾಗಲ್ಲ.

ಪ್ರಶ್ನೆ ಕೇಳಿದವರು

ಮೇಡಂ, ನಮ್ಮದು ನೋಂದಣಿ ಆಗಿದೆ, ಪುಣ್ಯ. ಲೆಕ್ಕ ಹಾಕಿದೆವು. ಪಾಲಿಶ್‌ಗೆ 3,500, ಕಾಫಿ ಹನ್ನೆರಡು ಕೆಜಿ ಹೋಗಿದೆ. ಎರಡನ್ನೂ ಹಿಡಿದು ಉಳಿದಿದ್ದನ್ನು ಬಿಲ್ ಸಮೇತ ವಾಪಸ್ ಹಾಕಿದೆ. ಐದು ಜನರ ಚಾರ್ಜು ಬಿಟ್ಟುಬಿಟ್ಟೆ, ಬರೆದಿರಲಿಲ್ವಲ್ಲ. ಅರ್ಧ ಗಂಟೆ ಬಿಟ್ಟು "ಥ್ಯಾಂಕ್ಸ್ ಆಂಟಿ" ಅಂತ ಬಂತು! ಕಂಪ್ಲೇಂಟ್ ಮಾತು ಎತ್ತಲಿಲ್ಲ. ಆ ಒಂದು ಸ್ಟಾರ್‌ಗೆ ಏನು ಬರೀಲಿ?

ವಕೀಲರು

ಜಗಳ ಬೇಡ. "ಆರು ಜನರ ಬುಕಿಂಗ್‌ಗೆ ಹನ್ನೊಂದು ಜನ ಬಂದಿದ್ದರು. ರಾತ್ರಿ 10ರ ನಂತರ ಸ್ಪೀಕರ್ ಬೇಡ ಎಂದು ಎರಡು ಸಲ ಕೇಳಿಕೊಂಡೆವು. ಬೆಳಿಗ್ಗೆ ಗೇಟಿನ ಬಳಿ ನಡೆದದ್ದಕ್ಕೆ ವಿಷಾದವಿದೆ." ಇಷ್ಟೇ ಹಾಕಿ. ಮುಂದೆ ಬರುವವರು ಸ್ಟಾರ್ ಜೊತೆ ಇದನ್ನೂ ಓದ್ತಾರೆ. ಮನೆ ಮಕ್ಕಳನ್ನು ಕರಕೊಂಡು ಬರುವವರಿಗೆ ಇದು ಇಷ್ಟವೇ ಆಗುತ್ತೆ.

ಪ್ರಶ್ನೆ ಕೇಳಿದವರು

ವಿಷಾದ ಅಂತ ಬರೆಯೋಕೆ ಯಜಮಾನರು ಒಪ್ತಾ ಇಲ್ಲ. "ಕಣದ ಅಂಚಿಗೆ ಎರಡು ಕಲ್ಲು ನೆಡಿಸ್ತೀನಿ, ಅದೇ ನನ್ನ ಉತ್ತರ" ಅಂತಿದ್ದಾರೆ.

ವಕೀಲರು

ಕಲ್ಲು ನೆಡಿಸಲಿ ಅಕ್ಕಾ, ಒಳ್ಳೆಯದೇ. ರಾತ್ರಿ ಕಾಣೋ ಹಾಗೆ ಸುಣ್ಣ ಬಳಿಸೋಕೆ ಹೇಳಿ. ಇಲ್ಲಾಂದರೆ ಬಂಪರ್ ಒಡೆದೋಯ್ತು ಅಂತ ಮುಂದಿನ ಕೇಸು ಅದೇ ಆಗುತ್ತೆ. ವಿಷಾದದ ಸಾಲು ನೀವೇ ಬರೆಯಿರಿ, ಫೋನ್ ನಿಮ್ಮ ಕೈಲೇ ಇರುತ್ತಲ್ವಾ.