ಸಹಾಯ ಬೇಕು: ಇಂಪೋರ್ಟೆಡ್ ಸ್ಟ್ರಾಟ್ ಟೈಪ್ ಗಿಟಾರ್, ತಗೋಬಹುದಾ?

ಎಲ್ಲರಿಗೂ ನಮಸ್ಕಾರ, ಒಂದು ಸೆಕೆಂಡ್ ಹ್ಯಾಂಡ್ ಕೊರಿಯಾ ಮೇಡ್ ಎಲೆಕ್ಟ್ರಿಕ್ ಗಿಟಾರ್ (ಫೆಂಡರ್ ಸ್ಟ್ರಾಟೋಕಾಸ್ಟರ್ ಮಾದರಿಯದು) ನೋಡ್ಕೊಂಡು ಬಂದೆ, ನೆಕ್ ಮಾತ್ರ ಸೂಪರ್, ಫ್ರೆಟ್ (ನೆಕ್ ಮೇಲಿನ ಲೋಹದ ಪಟ್ಟಿ) ತುದಿಗಳು ಕೈಗೆ ಚುಚ್ಚಲ್ಲ, ಟ್ರಸ್ ರಾಡ್ (ನೆಕ್ ಬಾಗು ಸರಿ ಮಾಡೋ ಒಳಗಿನ ಸರಳು) ಕೂಡ ಸರಿಯಾಗೇ ತಿರುಗ್ತು, ಆದ್ರೆ ಹಾರ್ಡ್‌ವೇರ್ ಮೇಲೆ ಡೌಟು. ಹಿಂದಿನ ಕವರ್ ತೆಗೆದು, ಬ್ರಿಡ್ಜ್ (ತಂತಿಗಳು ಕೂರೋ ಲೋಹದ ಭಾಗ) ಕೆಳಗಿರೋ ದಪ್ಪ ಲೋಹದ ತುಂಡು, ಅಂದ್ರೆ ಟ್ರೆಮೊಲೊ ಬ್ಲಾಕ್‌ಗೆ ಮ್ಯಾಗ್ನೆಟ್ ಹಿಡಿದೆ, ಅಂಟ್ಲೇ ಇಲ್ಲ, ಅಂದ್ರೆ ಸ್ಟೀಲ್ ಅಲ್ಲ, ಜಿಂಕ್ ಇರ್ಬಹುದು ಅಲ್ವಾ? ಒಳಗೆ ವಾಲ್ಯೂಮ್, ಟೋನ್ ನಾಬ್‌ಗಳ ಕೆಳಗಿರೋ ಪಾಟ್‌ಗಳು 16 ಮಿ.ಮೀ.ದು, 24ರದ್ದಲ್ಲ. (ಸಣ್ಣ ಪಾಟ್ ಅಂದ್ರೆ ಕಳಪೆ ಅಂತ ನಾನೇನೂ ನಂಬಲ್ಲ, ಆದ್ರೆ ಇವು ತಿರುಗಿಸಿದ್ರೆ ಕರಕರ ಅಂತಾವೆ.)

ಸ್ಟೀಲ್ ಬ್ಲಾಕ್ ಇರೋ ಬ್ರಿಡ್ಜ್ ಹಾಕೋಣ ಅಂದ್ರೆ ಇನ್ನೊಂದು ತಲೆನೋವು, ಇದರ ಸ್ಟ್ರಿಂಗ್ ಸ್ಪೇಸಿಂಗ್ (ತಂತಿಗಳ ಅಂತರ) ದಪ್ಪ ಇ ತಂತಿಯಿಂದ ಸಣ್ಣ ಇ ತಂತಿಗೆ ಸುಮಾರು 52 ಮಿ.ಮೀ. ಇದೆ, ವಿಂಟೇಜ್ (ಹಳೇ ಫೆಂಡರ್ ಅಳತೆಯ) ಬ್ರಿಡ್ಜ್ 56 ಹತ್ರ ಬರುತ್ತೆ, ಸ್ಕ್ರೂ ತೂತುಗಳೂ ಮ್ಯಾಚ್ ಆಗಲ್ಲ ಅನ್ಸುತ್ತೆ. ದೊಡ್ಡ ಪಾಟ್ ಹಾಕಿದ್ರೆ ಮುಂದಿನ ಪ್ಲಾಸ್ಟಿಕ್ ಫಲಕದ, ಅಂದ್ರೆ ಪಿಕ್‌ಗಾರ್ಡ್ ತೂತೂ ಅಗಲ ಮಾಡ್ಬೇಕಾಗ್ಬಹುದು.

ಮಾರೋರು ಹಾರ್ಡ್‌ವೇರ್ ಎಲ್ಲಾ ಒರಿಜಿನಲ್ ಅಂತ ಹೇಳಿ ರೇಟ್ ಏರಿಸ್ತಿದಾರೆ, ನನಗೇನೋ ಬೆಲೆ ಇರೋದು ನೆಕ್‌ಗೆ ಅಷ್ಟೇ ಅನ್ಸುತ್ತೆ. ಬ್ಲಾಕ್ ಮಾತ್ರ ಬದಲಾಯಿಸಿದ್ರೆ ಸ್ವರ ನಿಲ್ಲೋ ಹೊತ್ತಲ್ಲಿ, ಅಂದ್ರೆ ಸಸ್ಟೇನ್‌ನಲ್ಲಿ ನಿಜವಾಗ್ಲೂ ವ್ಯತ್ಯಾಸ ಗೊತ್ತಾಗುತ್ತಾ? ಮಾಡಿ ನೋಡಿರೋರು ಯಾರಾದ್ರೂ ಇದ್ರೆ ದಯವಿಟ್ಟು ಹೇಳಿ, ಭಾನುವಾರದೊಳಗೆ ಅವರಿಗೆ ಉತ್ತರ ಕೊಡ್ಬೇಕು.