ಹಳೇ ನೋಕಿಯಾ ಎನ್70ಯಿಂದ ವಿಡಿಯೋ ತೆಗಿಲಿಕ್ಕೆ ಸಹಾಯ ಬೇಕು

ಎಲ್ಲರಿಗೂ ನಮಸ್ಕಾರ, ಬದಿಯಡ್ಕ ಕುಂಬಳೆ ಕಾಸರಗೋಡು ಕಡೆ ಹಳೇ ನೋಕಿಯಾ ರಿಪೇರಿ ಮಾಡುವವರು ಯಾರಾದ್ರೂ ಉಂಟಾ? ಅಪ್ಪನ ಎನ್70 ಕಪಾಟಲ್ಲಿ ಸಿಕ್ತು, ಬಿಎಲ್-5ಸಿ ಬ್ಯಾಟರಿ ಹೊಸತು ಹಾಕಿದೆ, ಆನ್ ಆಗ್ತದೆ, ಆ ಕೈ ಹಿಡಿಯುವ ಟ್ಯೂನೂ ಬರ್ತದೆ, ಆದ್ರೆ ಡಿಸ್‌ಪ್ಲೇ ಪೂರ್ತಿ ಬಿಳಿ.

ಅದ್ರಲ್ಲಿ ನಾವು ಮನೆಯವ್ರೆಲ್ಲ ತ್ರಿಕರಿಪುರಕ್ಕೆ ಸೆವೆನ್ಸ್ ಫುಟ್‌ಬಾಲ್ (ಒಂದು ತಂಡಕ್ಕೆ ಏಳೇ ಜನ) ನೋಡ್ಲಿಕ್ಕೆ ಹೋಗ್ತಿದ್ದಾಗಿನ ವಿಡಿಯೋ ಉಂಟು ಮಾರಾಯ್ರೆ, ಜೀಪಿನ ಹಿಂದೆ ಮಕ್ಕಳು, ಕಂಗಿನ (ಅಡಿಕೆ ಮರದ) ಗ್ಯಾಲರಿ, ಫ್ಲಡ್‌ಲೈಟ್, ಅಜ್ಜಿ ಕಡ್ಲೆ ತಿನ್ಲಿಕ್ಕೆ ಅಂತ ಬಂದವರು ರೆಫ್ರಿಗೆ ಬೈಯುದು, ಎಲ್ಲ ಹಳೇ ಮೊಬೈಲಿನ ಸಣ್ಣ 3ಜಿಪಿ ವಿಡಿಯೋ ಫೈಲು, ಮುಖ ಸರಿ ಕಾಣುದಿಲ್ಲ, ಸ್ವರ ಮಾತ್ರ ಕೇಳ್ತದೆ, ನಮಗೆ ಅಷ್ಟು ಸಾಕು.

ಮೆಮೊರಿ ಕಾರ್ಡ್ ಈಗಿನ ಮೈಕ್ರೋಎಸ್‌ಡಿ ಅಲ್ಲ, ಅಗಲದ ಆರ್‌ಎಸ್-ಎಂಎಂಸಿ, ಪೇಟೆಯ ಅಂಗಡಿಯವ ನೋಡಿ ನಗಾಡಿದ. ಎಸ್‌ಡಿ ರೀಡರಿಗೆ ಹಾಕುವ ಉದ್ದದ ಅಡಾಪ್ಟರ್ ಯಾರ ಹತ್ರವಾದ್ರೂ ಇದ್ರೆ ಒಂದಿನಕ್ಕೆ ಕೊಡ್ತೀರಾ? ಕೆಲವು ವಿಡಿಯೋ ಫೋನ್ ಮೆಮೊರಿಯಲ್ಲೇ ಇರ್ಬಹುದು, ಹಾಗಾಗಿ ಹಾಳಾದ ಎನ್70 ಇದ್ರೂ ಡಿಸ್‌ಪ್ಲೇಗೆ ಬೇಕಿತ್ತು, ದುಡ್ಡು ಕೊಡ್ತೇನೆ. ಫಾರ್ಮ್ಯಾಟ್ ಮಾಡಿ ನೋಡುವ ಅನ್ನುವವರು ದಯವಿಟ್ಟು ಬೇಡ. ಮಂಗಳೂರಿಗೆ ಬೇಕಾದ್ರೂ ಬರ್ತೇನೆ, ಕಮೆಂಟ್ ಹಾಕಿ.